ದಕ್ಷಿಣ ಕನ್ನಡದ ಬ್ಯಾಂಕುಗಳಲ್ಲಿ ನೌಕರಿ ಮತ್ತು ನೆಮ್ಮದಿ

1906ರಿಂದ 1931ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ಮತ್ತು ಮಂಗಳೂರುಗಳಲ್ಲಿ ಹುಟ್ಟಿದ ಹಲವು ಬ್ಯಾಂಕುಗಳ ಪೈಕಿ ಐದು ಮುಂದೆ ದೇಶಕ್ಕೆಲ್ಲ ಪರಿಚಿತವಾದವು. ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು 1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಆರಂಭಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಕಾಲಕ್ರಮದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷದ ಜುಲೈನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಎಂಬ ಹೆಸರನ್ನು ಪಡೆಯಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳತ್ವದ ವಿಜಯಾ ಬ್ಯಾಂಕ್ ತಲೆಯೆತ್ತಿದವು. ಈ ಬ್ಯಾಂಕುಗಳ ಸ್ಥಾಪಕರ ಚರಿತ್ರೆ ಸಾಕಷ್ಟು ಬರೆಯಲ್ಪಟ್ಟಿದೆ. ಕೌಂಟರಿನ ಹಿಂದೆ ಕುಳಿತವರ ಚರಿತ್ರೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಬ್ಯಾಂಕ್ ನೌಕರರಿಗೆ ತಮ್ಮ ಕೆಲಸ ಯಾವಾಗ, ಯಾವ ಕಾರಣಕ್ಕೆ ತೃಪ್ತಿ ತಂದಿತು, ಯಾವಾಗ ಭಾರವಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಅಲ್ಲಿಯೇ.

ವೃತ್ತಿತೃಪ್ತಿ ಎಂದರೆ, ಒಬ್ಬ ವ್ಯಕ್ತಿ ತನ್ನ ಕೆಲಸವನ್ನೂ ಅದರಿಂದ ದೊರೆಯುವ ಸಂಬಳ, ಭದ್ರತೆ, ಗೌರವ, ಸಹವಾಸಗಳನ್ನೂ ಒಟ್ಟಾಗಿ ತೂಗಿನೋಡಿದಾಗ ಅವನಲ್ಲಿ ಉಳಿಯುವ ಸಮಾಧಾನದ ಭಾವ. ನಿರ್ವಹಣಾ ಶಾಸ್ತ್ರದ ಅಧ್ಯಯನಗಳು ಇದನ್ನು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಕಾಲದ ಪ್ರಶ್ನಾವಳಿಗಳ ಮೂಲಕ ಅಳೆಯುತ್ತವೆ. ಆದರೆ ಒಂದು ತಲೆಮಾರಿಗೆ ನೆಮ್ಮದಿ ಕೊಟ್ಟ ಸಂಗತಿ ಮುಂದಿನ ತಲೆಮಾರಿಗೆ ಹುಟ್ಟಿನಿಂದಲೇ ಬಂದ ಹಕ್ಕಾಗಿ ಕಾಣುತ್ತದೆ. ಆ ಕಾರಣ ಈ ವಿಷಯವನ್ನು ಕಾಲದ ಉದ್ದಕ್ಕೂ ನೋಡದೆ ಪೂರ್ಣವಾಗಿ ಅರಿಯುವುದು ಸಾಧ್ಯವಿಲ್ಲ.

ಆರಂಭದ ಬ್ಯಾಂಕುಗಳು ತೀರ ಚಿಕ್ಕವು. ಉಡುಪಿಯ ಬ್ಯಾಂಕು ಐದು ಸಾವಿರ ರೂಪಾಯಿ ಬಂಡವಾಳದಿಂದ ಹೊರಟು ಮೊದಲ ದಿನ ಸಂಗ್ರಹಿಸಿದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಇಂಥ ಸಂಸ್ಥೆಯಲ್ಲಿ ಗುಮಾಸ್ತನಾದವನಿಗೆ ಸೇವಾನಿಯಮ, ವೇತನಶ್ರೇಣಿ, ರಜೆಯ ಲೆಕ್ಕ ಯಾವುದೂ ಇರಲಿಲ್ಲ. ನೇಮಕ, ಸಂಬಳ, ಬಡ್ತಿ ಎಲ್ಲವೂ ಆಡಳಿತ ಮಂಡಳಿಯ ಮರ್ಜಿಗೆ ಬಿಟ್ಟದ್ದು. ಅಷ್ಟಾದರೂ ಈ ನೌಕರಿಗೆ ಊರಿನಲ್ಲಿ ಬೆಲೆಯಿತ್ತು. ಜಿಲ್ಲೆಯ ಓದಿದ ಹುಡುಗರು ಅನ್ನಕ್ಕಾಗಿ ಮುಂಬಯಿಯ, ಮದರಾಸಿನ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ ಮನೆಯ ಊಟ ಮಾಡಿಕೊಂಡು, ಸ್ವಂತ ಊರಿನಲ್ಲಿ, ಮೇಜಿನ ಮುಂದೆ ಕುಳಿತು ಮಾಡುವ ಕೆಲಸ ಸಿಗುವುದೇ ಭಾಗ್ಯವೆನಿಸುತ್ತಿತ್ತು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಸಾಲ ಕೇಳಲು ಬಂದವನ ಅಡಿಕೆ ತೋಟ ಎಲ್ಲಿದೆ, ಅವನ ಅಂಗಡಿಯ ವ್ಯಾಪಾರ ಮಳೆಗಾಲದಲ್ಲಿ ಹೇಗೆ ನಡೆಯುತ್ತದೆ, ಅವನ ತಂದೆ ಮಾತಿಗೆ ತಪ್ಪಿದ್ದುಂಟೆ ಎಂಬುದೆಲ್ಲ ಗುಮಾಸ್ತನಿಗೆ ಗೊತ್ತಿರುತ್ತಿತ್ತು, ಮತ್ತು ಏಜೆಂಟರು ಎಂದು ಕರೆಯಲ್ಪಡುತ್ತಿದ್ದ ಆ ಕಾಲದ ಶಾಖಾ ಮುಖ್ಯಸ್ಥರು ಆ ತಿಳಿವಳಿಕೆಯನ್ನು ಕೇಳಿ ಪಡೆಯುತ್ತಿದ್ದರು. ಸಂಬಳ ಕಡಿಮೆಯಾದರೂ ಅವನ ಮಾತಿಗೆ ತೂಕವಿತ್ತು.

ಈ ಪರಿಚಯದ ಬಂಡವಾಳವನ್ನು ಒಂದು ವ್ಯವಸ್ಥೆಯಾಗಿ ರೂಪಿಸಿದ್ದು 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ, ಕೈಮಗ್ಗದ ನೇಕಾರರ ಸಂಕಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಬ್ಯಾಂಕು ಅದು. ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನು ಠೇವಣಿದಾರನ ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವುದು ಯೋಜನೆಯ ತಿರುಳು. ಪಿಗ್ಮಿ ಸಂಗ್ರಾಹಕನ ದಿನಚರಿ ಬ್ಯಾಂಕಿನ ಒಳಗಿನವರ ದಿನಚರಿಗಿಂತ ಬೇರೆಯಾಗಿತ್ತು: ಮೀನುಮಾರುಕಟ್ಟೆಗೆ ಹೋಗಬೇಕಾದದ್ದು ವ್ಯಾಪಾರ ಮುಗಿದು ಕೈಯಲ್ಲಿ ದುಡ್ಡು ಉಳಿದಿರುವ ಹೊತ್ತಿಗೆ, ಹೋಟೆಲಿಗೆ ಜನಸಂದಣಿ ಇಳಿದ ಮೇಲೆ, ಬೀಡಿ ಕಟ್ಟುವವರ ಮನೆಗೆ ಬಟವಾಡೆಯ ದಿನ ತಪ್ಪದೆ. ಪ್ರತಿಯೊಬ್ಬರ ಕಾರ್ಡಿನಲ್ಲಿ ಅಂದಿನ ಮೊತ್ತವನ್ನು ಬರೆದು ಸಹಿ ಹಾಕಿ, ಅದನ್ನೇ ತನ್ನ ಪುಸ್ತಕದಲ್ಲೂ ಏರಿಸಿ, ಒಟ್ಟು ಹಣವನ್ನು ಶಾಖೆಗೆ ಕಟ್ಟುವವರೆಗೆ ಆ ಚಿಲ್ಲರೆಯ ಹೊಣೆ ಅವನದೇ. ಓದು ಬಾರದ ಠೇವಣಿದಾರರಿಗೆ ಬ್ಯಾಂಕೆಂದರೆ ಆ ಮನುಷ್ಯನೇ ಆಗಿದ್ದನು. ಅವನಿಗೆ ಸಿಗುತ್ತಿದ್ದುದು ಸಂಬಳವಲ್ಲ, ಸಂಗ್ರಹದ ಮೇಲಿನ ಕಮಿಷನ್. ಊರು ಅವನನ್ನು ಬ್ಯಾಂಕಿನವನೆಂದು ಗೌರವಿಸಿತು, ಬ್ಯಾಂಕು ಅವನನ್ನು ನೌಕರನೆಂದು ಒಪ್ಪಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಹೌದು ಎಂದು ಹೇಳಿತಾದರೂ ಅವರನ್ನು ಖಾಯಂ ಗುಮಾಸ್ತರ ಸಾಲಿಗೆ ಸೇರಿಸಲಿಲ್ಲ. ಕೆಲಸದಲ್ಲಿ ಸಾರ್ಥಕತೆ, ಸ್ಥಾನದಲ್ಲಿ ಅನಿಶ್ಚಿತತೆ ಎಂಬ ಈ ಇಬ್ಬಂದಿಯನ್ನು ಏಳು ದಶಕಗಳಿಗೂ ಮಿಕ್ಕಿ ಹೊತ್ತವರು ಅವರು, ಮತ್ತು ಈ ಚರಿತ್ರೆಯಲ್ಲಿ ಅತಿ ದೊಡ್ಡ ಅನ್ಯಾಯ ನಡೆದಿರುವುದು ಅವರಿಗೇ.

ಖಾಯಂ ನೌಕರರ ಸ್ಥಿತಿ ಬದಲಾದದ್ದು ಸಂಘಟನೆಯಿಂದ. 1946ರ ಏಪ್ರಿಲ್ 20ರಂದು ಕಲ್ಕತ್ತೆಯಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಸ್ಥಾಪನೆಯಾಯಿತು. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಕಂಗೆಟ್ಟಿದ್ದ ಗುಮಾಸ್ತರ ಬೇಡಿಕೆಗಳು ಪ್ರಾಂತ್ಯಕ್ಕೊಂದು ತೀರ್ಪಿನಂತೆ ಹರಿದು ಹಂಚಿಹೋಗುತ್ತಿದ್ದುದರಿಂದ 1949ರಲ್ಲಿ ಬ್ಯಾಂಕ್ ವಿವಾದಗಳನ್ನು ಕೇಂದ್ರ ಸರ್ಕಾರದ ವ್ಯಾಪ್ತಿಗೆ ತರಲಾಯಿತು. ಅನಂತರ ಈ ವಿವಾದಗಳ ಇತ್ಯರ್ಥಕ್ಕೆ ನೇಮಕವಾದ ಸೇನ್ ನ್ಯಾಯಮಂಡಳಿಯ ತೀರ್ಪು ಬಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. 1953ರಲ್ಲಿ ಇನ್ನೊಂದು ನ್ಯಾಯಮಂಡಳಿಯ ಶಾಸ್ತ್ರಿ ತೀರ್ಪು ಬಂತು. ಮೇಲ್ಮನವಿ ಮಂಡಳಿ ಅದರಲ್ಲಿ ನೌಕರರಿಗೆ ಅನುಕೂಲವಾದ ಕೆಲವು ಮಾರ್ಪಾಟುಗಳನ್ನು ಮಾಡಿದಾಗ ಸರ್ಕಾರ ಅವನ್ನು ಮೊಟಕುಗೊಳಿಸಿತು. ಅದನ್ನು ಪ್ರತಿಭಟಿಸಿ 1954ರಲ್ಲಿ ಕಾರ್ಮಿಕ ಸಚಿವ ವಿ. ವಿ. ಗಿರಿಯವರು ರಾಜೀನಾಮೆ ಕೊಟ್ಟರು. ಗುಮಾಸ್ತರ ಸಂಬಳದ ಪ್ರಶ್ನೆಗಾಗಿ ಕೇಂದ್ರದ ಸಚಿವರೊಬ್ಬರು ಪದವಿ ಬಿಟ್ಟ ಆ ಘಟನೆ ಬ್ಯಾಂಕ್ ನೌಕರರ ಆತ್ಮಗೌರವವನ್ನು ಯಾವ ಭತ್ಯೆಗಿಂತಲೂ ಹೆಚ್ಚು ಎತ್ತಿತೆಂದು ಹೇಳಬೇಕು. 1962ರ ದೇಸಾಯಿ ತೀರ್ಪಿನ ನಂತರ ನ್ಯಾಯಮಂಡಳಿಗಳ ಯುಗ ಮುಗಿದು, 1966ರ ಅಕ್ಟೋಬರ್ 19ರಂದು ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ದ್ವಿಪಕ್ಷೀಯ ಒಪ್ಪಂದವೆಂದರೆ, ಮೂರನೆಯವರ ತೀರ್ಪಿಗೆ ಕಾಯದೆ, ಬ್ಯಾಂಕುಗಳ ಆಡಳಿತ ವರ್ಗದ ಒಕ್ಕೂಟವೂ ನೌಕರ ಸಂಘಗಳೂ ಎದುರುಬದುರು ಕುಳಿತು ಸಂಬಳ ಮತ್ತು ಸೇವಾಷರತ್ತುಗಳನ್ನು ನಿಗದಿಪಡಿಸಿಕೊಳ್ಳುವ ವ್ಯವಸ್ಥೆ. ಅದು ಇಂದಿಗೂ ನಡೆದುಬಂದಿದೆ.

ಕರಾವಳಿಯ ಮಟ್ಟಿಗೆ ಈ ಹೋರಾಟಕ್ಕೆ ಇನ್ನೊಂದು ಮುಖವಿತ್ತು. ಶಾಸ್ತ್ರಿ ತೀರ್ಪು ಬ್ಯಾಂಕುಗಳನ್ನು ಅವುಗಳ ಗಾತ್ರಕ್ಕೆ ಅನುಗುಣವಾಗಿ ದರ್ಜೆಗಳಾಗಿ ವಿಂಗಡಿಸಿದ್ದರಿಂದ, ಒಂದೇ ಪೇಟೆಯ ಒಂದೇ ಬೀದಿಯಲ್ಲಿ ಒಂದೇ ಬಗೆಯ ಲೆಡ್ಜರು ಬರೆಯುವ ಇಬ್ಬರಿಗೆ ಬೇರೆ ಬೇರೆ ಸಂಬಳವಿರುವುದು ಸಾಧ್ಯವಿತ್ತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಬಳಿಕ ರಿಸರ್ವ್ ಬ್ಯಾಂಕು ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳೊಳಗೆ ಸೇರಿಸಲು ಹೊರಟಾಗ, ಮಂಗಳೂರಿನ ಕ್ಯಾಥೊಲಿಕ್ ಬ್ಯಾಂಕ್, ಜಯಲಕ್ಷ್ಮಿ ಬ್ಯಾಂಕ್, ಉಡುಪಿಯ ಪಾಂಗಾಳ ನಾಯಕ್ ಬ್ಯಾಂಕ್ ಮೊದಲಾದವು ಆ ದಶಕದಲ್ಲಿ ತಮ್ಮ ಹೆಸರನ್ನು ಕಳೆದುಕೊಂಡವು. ಮಾಲೀಕರಿಗೆ ಅದು ನಷ್ಟವಾದರೂ ನೌಕರರಿಗೆ ಭದ್ರತೆಯ ದೃಷ್ಟಿಯಿಂದ ಅದೊಂದು ಮೆಟ್ಟಿಲು.

ಇದೇ ಸುಮಾರಿಗೆ, 1959ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು ಇನ್ನೂರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಸಂಬಳ, ಭದ್ರತೆ, ಮೇಲಧಿಕಾರಿಯ ನಡವಳಿಕೆ, ಸಂಸ್ಥೆಯ ನಿಯಮ ಇವು ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ, ಆದರೆ ಇವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆ, ಕೆಲಸದ ಸ್ವರೂಪ ಇವುಗಳಿಂದ ಎಂಬುದು ಅದರ ಸಾರ. ಕರಾವಳಿಯ ಬ್ಯಾಂಕುಗಳ ಅನುಭವ ಈ ವಿಂಗಡಣೆಯನ್ನು ಅರ್ಧ ಮಾತ್ರ ಒಪ್ಪುತ್ತದೆ. ಇಲ್ಲಿ ಹೋರಾಡಿ ಪಡೆದ ಸಂಬಳವೇ ಒಂದು ಮನ್ನಣೆಯಾಗಿತ್ತು. ಯಜಮಾನನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವನು ಒಪ್ಪಂದದ ಇನ್ನೊಂದು ಪಕ್ಷವಾಗಿ ಕುರ್ಚಿಯಲ್ಲಿ ಕುಳಿತದ್ದನ್ನು ಬರಿಯ ಆರ್ಥಿಕ ಲಾಭವೆಂದು ಎಣಿಸಲಾಗದು. ಸಿದ್ಧಾಂತದ ಉಳಿದರ್ಧ ಸತ್ಯವೆಂಬುದು ಮುಂದಿನ ದಶಕಗಳಲ್ಲಿ ಗೋಚರಿಸಿತು.

ಕೆಲಸದ ಸ್ವರೂಪದ ಮಾತು ಬಂದಾಗ ಕೈಬರಹದ ಲೆಡ್ಜರಿನ ಕಾಲವನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಲೆಡ್ಜರೆಂದರೆ ಪ್ರತಿ ಖಾತೆಗೂ ಒಂದು ಪುಟದಂತೆ ಜಮಾ, ಖರ್ಚು, ಬಾಕಿಗಳನ್ನು ದಾಖಲಿಸುವ ದಪ್ಪ ರಟ್ಟಿನ ಪುಸ್ತಕ. ಗಿರಾಕಿ ಚೆಕ್ಕು ಕೊಟ್ಟಾಗ ಗುಮಾಸ್ತನು ಅಂಕಿಯಿದ್ದ ಹಿತ್ತಾಳೆಯ ಟೋಕನ್ನನ್ನು ಕೊಟ್ಟು, ಲೆಡ್ಜರಿನಲ್ಲಿ ಬಾಕಿ ನೋಡಿ, ಖರ್ಚು ಹಾಕುತ್ತಿದ್ದನು. ಅಧಿಕಾರಿ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ಚೆಕ್ಕನ್ನು ಪಾಸು ಮಾಡಿದ ಮೇಲೆ ಕ್ಯಾಷಿಯರು ಟೋಕನ್ನಿನ ಅಂಕಿ ಕೂಗಿ ಹಣ ಎಣಿಸುತ್ತಿದ್ದನು. ಉಳಿತಾಯ ಖಾತೆಗೆ ಬಡ್ಡಿ ಹಾಕಲು ಪ್ರತಿ ತಿಂಗಳ ಹತ್ತನೆಯ ತಾರೀಕಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಬಾಕಿ ಎಷ್ಟೆಂದು ಪುಟಪುಟವೂ ಹುಡುಕಿ ತೆಗೆಯಬೇಕಿತ್ತು. ಜೂನ್ 30 ಮತ್ತು ಡಿಸೆಂಬರ್ 31 ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳು. ಬ್ಯಾಂಕುಗಳ ಲೆಕ್ಕವರ್ಷ ಮಾರ್ಚ್ 31ಕ್ಕೆ ಬದಲಾದದ್ದು 1989ರಲ್ಲಿ. ಲೆಕ್ಕ ಮುಗಿಸುವ ರಾತ್ರಿಗಳಲ್ಲಿ ಶಾಖೆಯ ಎಲ್ಲರೂ ಕೂಡಿ ಬಾಕಿಗಳನ್ನು ಕೂಡಿಸಿ ಸಾಮಾನ್ಯ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡುತ್ತಿದ್ದರು; ಕೆಲವು ಪೈಸೆಯ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ವೋಚರುಗಳನ್ನು ಒಂದೊಂದಾಗಿ ಟಿಕ್ ಮಾಡುತ್ತಾ ಹೋಗಬೇಕು. ಅಂಕಿ ಅದಲುಬದಲಾಗಿ 54ರ ಜಾಗದಲ್ಲಿ 45 ಬಿದ್ದಿದ್ದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎಂಬುದು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಒಂದು.

ಈ ಕೆಲಸ ಬೇಸರದ್ದೆಂಬುದರಲ್ಲಿ ಅನುಮಾನವಿಲ್ಲ; ದಿನವೂ ಅದೇ ಕಾಲಂ, ಅದೇ ಕೂಡುವಿಕೆ. ಆದರೆ ಅದಕ್ಕೊಂದು ಮುಕ್ತಾಯವಿತ್ತು: ಲೆಕ್ಕ ತಾಳೆಯಾದ ಕ್ಷಣ ಕೆಲಸ ಪೂರ್ಣಗೊಂಡಿತೆಂಬುದು ಎಲ್ಲರಿಗೂ ಕಾಣುತ್ತಿತ್ತು, ಅದನ್ನು ಸಾಧಿಸಿದವರ ಅಕ್ಷರ ಪುಟದಲ್ಲಿ ಉಳಿಯುತ್ತಿತ್ತು. ಸಾರ್ವಜನಿಕ ವ್ಯವಹಾರದ ವೇಳೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಗಂಟೆಯವರೆಗೆ ಇದ್ದುದರಿಂದ ಅನಂತರದ ಹೊತ್ತು ಒಳಗಿನ ಲೆಕ್ಕಕ್ಕೆ, ಒಬ್ಬರು ಇನ್ನೊಬ್ಬರಿಗೆ ನೆರವಾಗುವುದಕ್ಕೆ ಸಿಗುತ್ತಿತ್ತು. ಕರಾವಳಿಯ ಯಕ್ಷಗಾನ ತಂಡಗಳಲ್ಲಿ, ಸಾಹಿತ್ಯ ಸಂಘಗಳಲ್ಲಿ, ಕ್ರಿಕೆಟ್ ಕ್ಲಬ್ಬುಗಳಲ್ಲಿ ಬ್ಯಾಂಕಿನವರು ಅಷ್ಟು ಸಂಖ್ಯೆಯಲ್ಲಿ ತೊಡಗಿಕೊಳ್ಳಲು ಸಾಧ್ಯವಾದದ್ದೂ ಸಂಜೆಯ ಸಮಯ ಅವರದೇ ಆಗಿದ್ದುದರಿಂದ. ವೃತ್ತಿತೃಪ್ತಿಯನ್ನು ಕಚೇರಿಯೊಳಗೆ ಮಾತ್ರ ಹುಡುಕುವ ಅಧ್ಯಯನಗಳು ಈ ಅಂಶವನ್ನು ಗಮನಿಸದೆ ಬಿಡುತ್ತವೆ.

1969ರ ಜುಲೈ 19ರಂದು ಐವತ್ತು ಕೋಟಿ ರೂಪಾಯಿಗೆ ಮೇಲ್ಪಟ್ಟ ಠೇವಣಿಯಿದ್ದ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಆ ಪಟ್ಟಿಯಲ್ಲಿದ್ದವು. 1980ರ ಏಪ್ರಿಲ್ 15ರಂದು ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ಅದೇ ದಾರಿ ಹಿಡಿದವು. ಕರ್ನಾಟಕ ಬ್ಯಾಂಕು ಖಾಸಗಿಯಾಗಿ ಉಳಿಯಿತು. 1969ರಲ್ಲಿ ದೇಶದಲ್ಲಿ 8,262 ಇದ್ದ ಬ್ಯಾಂಕ್ ಶಾಖೆಗಳು 1990ರ ವೇಳೆಗೆ ಸುಮಾರು 60,000ಕ್ಕೆ ಏರಿದವು. ಈ ವಿಸ್ತರಣೆ ನೌಕರರ ಪಾಲಿಗೆ ಎರಡು ಅಲಗಿನ ಕತ್ತಿಯಾಯಿತು. ಹಿಂದೆ ಇಡೀ ಆಯುಷ್ಯ ಗುಮಾಸ್ತಿಕೆಯಲ್ಲೇ ಕಳೆಯಬೇಕಾಗಿದ್ದವರು ಈಗ ಕೆಲವೇ ವರ್ಷಗಳಲ್ಲಿ ಅಧಿಕಾರಿಗಳಾದರು, ಶಾಖಾ ವ್ಯವಸ್ಥಾಪಕರಾದರು. ಅದರ ಬೆನ್ನಿಗೇ ಬಿಹಾರದ, ಉತ್ತರ ಪ್ರದೇಶದ ಹಳ್ಳಿಗಳಿಗೆ ವರ್ಗಾವಣೆ ಬಂತು. ಪಿಳ್ಳೈ ಸಮಿತಿಯ ಶಿಫಾರಸಿನ ಮೇರೆಗೆ 1979ರಿಂದ ಅಧಿಕಾರಿಗಳಿಗೆ ಎಲ್ಲ ರಾಷ್ಟ್ರೀಕೃತ ಬ್ಯಾಂಕುಗಳಲ್ಲೂ ಒಂದೇ ಬಗೆಯ ಶ್ರೇಣಿಗಳು ಬಂದಾಗ ದೇಶದ ಯಾವ ಮೂಲೆಗಾದರೂ ಹೋಗುವ ಹೊಣೆ ಬಡ್ತಿಗೆ ಅಂಟಿಕೊಂಡಿತು. ವಯಸ್ಸಾದ ತಂದೆತಾಯಿ, ಮಕ್ಕಳ ಓದು, ಪತ್ನಿಯ ಉದ್ಯೋಗ ಇವುಗಳ ಕಾರಣದಿಂದ ಬಡ್ತಿಯನ್ನೇ ಬೇಡವೆಂದು ಗುಮಾಸ್ತರಾಗಿ ಉಳಿದವರು ಕರಾವಳಿಯ ಪ್ರತಿ ಪೇಟೆಯಲ್ಲೂ ಇದ್ದರು. ಬಡ್ತಿಯ ಅವಕಾಶ ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆಂಬ ಸರಳ ಸಮೀಕರಣವನ್ನು ಅವರ ಆಯ್ಕೆ ಅಲ್ಲಗಳೆಯುತ್ತದೆ.

ಮಹಿಳೆಯರ ಪಾಲಿಗೆ ಈ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಸಿಂಡಿಕೇಟ್ ಬ್ಯಾಂಕು 1962ರಷ್ಟು ಹಿಂದೆಯೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆದಿತ್ತು. ಮಧ್ಯಮವರ್ಗದ ಹೆಣ್ಣುಮಕ್ಕಳಿಗೆ ಶಾಲೆಯ ಶಿಕ್ಷಕಿಯ ಕೆಲಸದ ಆಚೆಗೆ ಮರ್ಯಾದೆಯ, ಸಮಾನ ಸಂಬಳದ ಉದ್ಯೋಗವೊಂದು ತೆರೆದದ್ದು ಬ್ಯಾಂಕುಗಳಿಂದ. ಹಾಗೆ ಒಳಬಂದವರಲ್ಲಿ ಎಷ್ಟೋ ಮಂದಿ ವರ್ಗಾವಣೆಯ ಭಯದಿಂದ ಮೇಲಿನ ಮೆಟ್ಟಿಲು ಹತ್ತದೆ ನಿಂತರು.

ರಾಷ್ಟ್ರೀಕರಣದ ನಂತರ ಸಾಲದ ನಿರ್ಧಾರದಲ್ಲೂ ಪಲ್ಲಟವಾಯಿತು. ಆದ್ಯತಾ ವಲಯದ ಸಾಲ, ಅಂದರೆ ಕೃಷಿ, ಸಣ್ಣ ಕೈಗಾರಿಕೆ, ದುರ್ಬಲ ವರ್ಗಗಳಿಗೆ ಕೊಡಲೇಬೇಕಾದ ಸಾಲದ ಪಾಲು, ಬ್ಯಾಂಕಿನ ಬಾಗಿಲನ್ನೇ ಕಾಣದಿದ್ದವರನ್ನು ಒಳಕ್ಕೆ ಕರೆತಂದಿತು. ಹಳ್ಳಿಯ ಶಾಖೆಯಲ್ಲಿ ದುಡಿದ ಅನೇಕರಿಗೆ ತಮ್ಮ ಸೇವಾವಧಿಯ ಅತ್ಯಂತ ಅರ್ಥಪೂರ್ಣ ವರ್ಷಗಳು ಅವೇ ಆಗಿದ್ದವು, ಏಕೆಂದರೆ ಒಂದು ಎಮ್ಮೆ, ಒಂದು ಪಂಪುಸೆಟ್ಟು, ಒಂದು ಹೊಲಿಗೆ ಯಂತ್ರ ಮನೆಯೊಂದರ ಸ್ಥಿತಿಯನ್ನು ಬದಲಿಸಿದ್ದನ್ನು ಅವರು ಕಣ್ಣಾರೆ ನೋಡಿದ್ದರು. 1980ರ ದಶಕದಲ್ಲಿ, ಮಂಗಳೂರಿನವರೇ ಆದ ಬಿ. ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯಸಚಿವರಾಗಿದ್ದಾಗ ಸಾಲಮೇಳಗಳು, ಅಂದರೆ ಬಡವರಿಗೆ ಒಟ್ಟಾಗಿ ಸಾಲ ಹಂಚುವ ಸಾರ್ವಜನಿಕ ಸಭೆಗಳು, ನಡೆದವು. ಬಡವನಿಗೆ ಬ್ಯಾಂಕಿನಲ್ಲಿ ಹಕ್ಕಿದೆಯೆಂಬ ಭಾವವನ್ನು ಅವು ಬಲಪಡಿಸಿದವು, ಅದೇ ವೇಳೆಗೆ ಸಾಲಗಾರನನ್ನು ಅರಿತು ನಿರ್ಧರಿಸುವ ವ್ಯವಸ್ಥಾಪಕನ ವಿವೇಚನೆಗೆ ಬದಲಾಗಿ ಪಟ್ಟಿಯನ್ನು ಮುಗಿಸುವ ಒತ್ತಡವನ್ನೂ ತಂದವು. ಸಾಲ ಕೊಟ್ಟ ತೀರ್ಮಾನ ತನ್ನದಲ್ಲದಿದ್ದರೂ ವಸೂಲಿಯ ಹೊಣೆ ತನ್ನದಾದ ಸ್ಥಿತಿ ಅಧಿಕಾರಿಗಳ ಅಸಮಾಧಾನಕ್ಕೆ ಅಲ್ಲಿಂದೀಚೆಗೆ ಒಂದು ಸ್ಥಾಯಿ ಕಾರಣವಾಗಿದೆ.

ಸಮಾನತೆಯ ಪ್ರಶ್ನೆ ಗ್ರಾಮೀಣ ಬ್ಯಾಂಕುಗಳಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಎದ್ದಿತು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು, ಮೊರಾದಾಬಾದಿನ ಪ್ರಥಮಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕಿನ ಪ್ರಾಯೋಜನೆಯಲ್ಲಿಯೇ ಆರಂಭವಾಯಿತು. ಕಡಿಮೆ ಖರ್ಚಿನಲ್ಲಿ ಹಳ್ಳಿಯನ್ನು ತಲುಪುವ ಉದ್ದೇಶದಿಂದ ಅವುಗಳ ನೌಕರರಿಗೆ ರಾಜ್ಯ ಸರ್ಕಾರದ ನೌಕರರ ಮಟ್ಟದ ಸಂಬಳವನ್ನು ನಿಗದಿಪಡಿಸಲಾಗಿತ್ತು. ಅದೇ ಬಗೆಯ ಕೆಲಸವನ್ನು ಪಕ್ಕದ ವಾಣಿಜ್ಯ ಬ್ಯಾಂಕಿನವನು ಹೆಚ್ಚು ಸಂಬಳಕ್ಕೆ ಮಾಡುವುದನ್ನು ನಿತ್ಯ ನೋಡುತ್ತಾ ಅವರು ಹದಿನೈದು ವರ್ಷ ಹೋರಾಡಿದರು. 1990ರಲ್ಲಿ ನ್ಯಾಯಮೂರ್ತಿ ಓಬುಲ್ ರೆಡ್ಡಿ ಅವರ ನ್ಯಾಯಮಂಡಳಿ ಅವರಿಗೆ ಸರಿಸಮಾನ ವೇತನದ ತೀರ್ಪು ಕೊಟ್ಟಿತು. ಸಂಬಳ ಎಷ್ಟೆಂಬುದಕ್ಕಿಂತ ಪಕ್ಕದವನಿಗೆ ಎಷ್ಟೆಂಬುದು ಮನಸ್ಸನ್ನು ಹೆಚ್ಚು ಚುಚ್ಚುತ್ತದೆ. ಇಂದು ಅದೇ ನೋವು ಬೇರೆ ರೂಪದಲ್ಲಿದೆ: 1993ರ ಒಪ್ಪಂದದಿಂದ ನಿವೃತ್ತಿವೇತನ ಪಡೆದ ಹಿರಿಯರ ಪಕ್ಕದ ಮೇಜಿನಲ್ಲಿ, 2010ರ ಏಪ್ರಿಲ್ ನಂತರ ಸೇರಿ, ಖಚಿತ ಮೊತ್ತದ ಪಿಂಚಣಿಯಿಲ್ಲದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟ ಕಿರಿಯರು ಕುಳಿತಿದ್ದಾರೆ.

ಗಣಕಯಂತ್ರಗಳು ಬರುವುದಕ್ಕೆ ಮೊದಲು ಸಂಘಗಳಿಗಿದ್ದ ಭಯ ಕೆಲಸ ಹೋಗುವುದೆಂಬುದು. 1983ರ ಒಪ್ಪಂದವು ಯಂತ್ರಗಳ ಸಂಖ್ಯೆ ಮತ್ತು ಬಳಕೆಗೆ ಮಿತಿ ಹಾಕಿ ಅವಕ್ಕೆ ದಾರಿ ಬಿಟ್ಟಿತು. 1984ರ ರಂಗರಾಜನ್ ಸಮಿತಿಯ ವರದಿಯ ಬಳಿಕ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಶಾಖೆಗಳನ್ನು ಹೊಕ್ಕವು. ಹೊಸ ಶತಮಾನದ ಮೊದಲ ದಶಕದಲ್ಲಿ ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ ಹಬ್ಬಿತು. ಸಾಮೂಹಿಕ ವಜಾ ನಡೆಯಲಿಲ್ಲ. ಆದರೆ 2000-01ರ ಸ್ವಯಂನಿವೃತ್ತಿ ಯೋಜನೆಯಡಿ ಸಾರ್ವಜನಿಕ ವಲಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಅವರೊಡನೆ ಊರಿನ ನೆನಪೂ ಹೊರಗೆ ಹೋಯಿತು. ಕೂಡಿಸುವ, ತಾಳೆ ನೋಡುವ ದಣಿವನ್ನು ಯಂತ್ರ ಕಳೆಯಿತೆಂಬುದು ನಿಜ. ಹಾಗೆ ಉಳಿದ ಸಮಯ ಮಾತ್ರ ನೌಕರನಿಗೂ ದಕ್ಕಲಿಲ್ಲ, ಗಿರಾಕಿಗೂ ದಕ್ಕಲಿಲ್ಲ. 2000ರಿಂದ ಬ್ಯಾಂಕುಗಳಿಗೆ ವಿಮಾ ಕಂಪನಿಗಳ ಏಜೆಂಟರಾಗಲು ಅನುಮತಿ ದೊರೆತ ಮೇಲೆ ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡುಗಳ ಮಾರಾಟದ ಗುರಿ, ಅಂದರೆ ಇಷ್ಟು ದಿನದಲ್ಲಿ ಇಷ್ಟು ಮಾರಲೇಬೇಕೆಂಬ ಟಾರ್ಗೆಟ್, ಶಾಖೆಗೆ ಇಳಿಯಿತು. ಠೇವಣಿ ಇಡಲು ಬಂದ ಮುದುಕಿಗೆ ಆಕೆಗೆ ಬೇಡದ ಪಾಲಿಸಿಯನ್ನು ಒಪ್ಪಿಸಬೇಕಾದ ಇಕ್ಕಟ್ಟು, ಆಕೆಯನ್ನು ಹೆಸರು ಹಿಡಿದು ಕರೆಯಬಲ್ಲ ನೌಕರನಿಗೆ ಎಷ್ಟು ಹಿಂಸೆಯದೆಂಬುದನ್ನು ಯಾವ ಪ್ರಶ್ನಾವಳಿಯೂ ಸರಿಯಾಗಿ ಹಿಡಿಯಲಾರದು. ಲೆಡ್ಜರಿನ ಕೆಲಸಕ್ಕಿದ್ದ ಮುಕ್ತಾಯ ಗುರಿಗೆ ಇಲ್ಲ. ಮಾರ್ಚ್‌ನಲ್ಲಿ ಮುಟ್ಟಿದ ಗುರಿ ಏಪ್ರಿಲ್‌ನಲ್ಲಿ ಇನ್ನೂ ಎತ್ತರಕ್ಕೆ ಏರಿರುತ್ತದೆ.

2014ರ ಜನಧನ ಖಾತೆಗಳು, 2016ರ ನವೆಂಬರ್ 8ರ ನೋಟು ರದ್ದತಿ ಇವೆರಡೂ ಕಡಿಮೆ ಸಿಬ್ಬಂದಿಯ ಶಾಖೆಗಳ ಮೇಲೆ ಬಿದ್ದ ದೊಡ್ಡ ಹೊರೆಗಳು. ನೋಟು ರದ್ದಾದ ವಾರಗಳಲ್ಲಿ ರಾತ್ರಿಯವರೆಗೆ ಹಣ ಎಣಿಸಿದ ನೌಕರರ ದುಡಿಮೆಯನ್ನು ದೇಶ ಒಂದಿಷ್ಟು ದಿನ ಕೊಂಡಾಡಿತು. ಅದಾಗಿ ಮೂರು ವರ್ಷ ತುಂಬುವುದರೊಳಗೆ ವಿಲೀನಗಳು ಆರಂಭವಾದವು: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋದವು. ಸಂಬಳ ಕಡಿತವಾಗಲಿಲ್ಲ, ಕೆಲಸ ಹೋಗಲಿಲ್ಲ. ಹೀಗಿದ್ದೂ ವಿಜಯಾ ಬ್ಯಾಂಕನ್ನು ಉಳಿಸಿಕೊಳ್ಳಬೇಕೆಂದು ಕರಾವಳಿಯಲ್ಲಿ ಪ್ರತಿಭಟನೆಗಳು ನಡೆದವು. ಲಾಭದಲ್ಲಿದ್ದ ತಮ್ಮ ಸಂಸ್ಥೆ ಏಕೆ ಮುಚ್ಚಬೇಕೆಂಬ ಪ್ರಶ್ನೆಯಲ್ಲಿ ನೌಕರರ ಸ್ವಾರ್ಥವಿರಲಿಲ್ಲ. ಊರಿನ ಹೆಸರಿನೊಡನೆ ಬೆಸೆದುಕೊಂಡಿದ್ದ ವೃತ್ತಿಯ ಗುರುತು ಅಳಿಯುವ ನೋವು ಅಲ್ಲಿತ್ತು.

ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ 2015ರ ಸೆಪ್ಟೆಂಬರಿನಿಂದ ಬಂದಿದೆ. 2024ರ ಮಾರ್ಚ್‌ನಲ್ಲಿ ಸಹಿಯಾದ ಹನ್ನೆರಡನೆಯ ದ್ವಿಪಕ್ಷೀಯ ಒಪ್ಪಂದದಲ್ಲಿ ಶೇಕಡ 17ರ ವೇತನ ಏರಿಕೆಯಾಗಿದೆ. ಎಲ್ಲ ಶನಿವಾರಗಳಿಗೂ ರಜೆ ಬೇಕೆಂಬ ಬೇಡಿಕೆಗೆ ಬ್ಯಾಂಕುಗಳ ಒಕ್ಕೂಟವೂ ಒಪ್ಪಿ ಅದನ್ನು ಸರ್ಕಾರದ ಮುಂದಿಟ್ಟಿದೆ. ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕದ ಅಂಶ ಅಂಶಕ್ಕೂ ಕಟ್ಟಿಹಾಕುವಷ್ಟು ನಿಖರವಾದ ಈ ಒಪ್ಪಂದಗಳ ಪರಂಪರೆ ಆರು ದಶಕಗಳಷ್ಟು ಹಳೆಯದು. ಒಂದು ಶಾಖೆಗೆ ಎಷ್ಟು ಮಾರಾಟದ ಗುರಿ ಹೊರಿಸಬಹುದು, ಒಬ್ಬ ವ್ಯವಸ್ಥಾಪಕನ ವಿವೇಚನೆಗೆ ಎಷ್ಟು ಅವಕಾಶವಿರಬೇಕು ಎಂಬ ನಿರ್ಧಾರಗಳು ಮಾತ್ರ ಇಂದಿಗೂ ಆಡಳಿತ ವರ್ಗದ ಕೈಯಲ್ಲೇ ಇವೆ, ಮತ್ತು 1966ರಲ್ಲಿ ಸಂಬಳದ ವಿಷಯಕ್ಕೆ ಸಿಕ್ಕ ಮಾತುಕತೆಯ ಮೇಜು ಈ ವಿಷಯಗಳಿಗೂ ಸಿಗಬೇಕೆಂಬ ಕೂಗು ನೌಕರರ ಸಂಘಗಳೊಳಗೆ ಕೇಳಿಬರುತ್ತಿದೆ.